ಸೊನ್ನೆಗೆ ಇಳಿದ ವೀರ

ಮೂಡಿಗೆರೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳನ್ನು ರಿಪೇರಿ ಮಾಡುವ ಪೂರ್ಣೇಶನ ಶೆಡ್ಡಿನಲ್ಲಿ ಭಾನುವಾರ ಮಧ್ಯಾಹ್ನ ಕತ್ತಿ, ಕೊಡಲಿಗಳದ್ದೇ ಮಾತು. ದಾಳ ಉರುಳಿಸಿ, ವೀರರ ಪಾತ್ರ ವಹಿಸಿ ಆಡುವ ಹಳೆಯ ವಿದೇಶಿ ಆಟವೊಂದನ್ನು ಅವನು ಗೆಳೆಯರಿಗೆ ನಡೆಸಿಕೊಡುತ್ತಿದ್ದ. ಮೂಲ ಪುಸ್ತಕ ಹರಿದುಹೋದಾಗ, ಅದೇ ಆಟವನ್ನು ಅಭಿಮಾನಿಗಳು ಹೊಸದಾಗಿ ಬರೆದಿದ್ದ ‘ರೆಟ್ರೋ ಕ್ಲೋನ್’ ಒಂದನ್ನು ಪ್ರಿಂಟ್ ಹಾಕಿಸಿದ. ಮೂಲದಲ್ಲಿ ಕವಚದ ಅಂಕಿ ಇಳಿದಷ್ಟೂ ರಕ್ಷಣೆ ಹೆಚ್ಚು. ಇದರಲ್ಲಿ ಏರಿದಷ್ಟೂ ಹೆಚ್ಚು. ಲೆಕ್ಕ ಸುಲಭವಾಯಿತು. ಉಳಿದದ್ದೆಲ್ಲ ಒಂದೇ ಎಂದುಕೊಂಡು ಅವನು ಮುಂದೆ ಓದಲಿಲ್ಲ.

ಒಂದು ದಿನ ಆಟದಲ್ಲಿ, ದೇವರಮನೆ ಬೆಟ್ಟಕ್ಕೆ ಪ್ರವಾಸಿಗರ ಜೀಪು ಓಡಿಸುವ ಸುಕೇಶನ ವೀರನ ಕುತ್ತಿಗೆಗೆ ರಾಕ್ಷಸನ ಕೊಡಲಿ ಬಿತ್ತು. ಪ್ರಾಣದ ಅಂಕಿ ಸೊನ್ನೆಗೆ ಇಳಿಯಿತು.

“ಸತ್ತ,” ಎಂದ ಪೂರ್ಣೇಶ.

“ಹೆಂಗೆ ಸಾಯ್ತಾನೆ ಮಾರಾಯ? ಈ ಪುಸ್ತಕದಲ್ಲಿ ಸೊನ್ನೆಗೆ ಬಂದ್ರೆ ಬರೀ ಪ್ರಜ್ಞೆ ತಪ್ಪೋದು. ಗಾಯ ಕಟ್ಟಿದ್ರೆ ಬದುಕ್ತಾನೆ.”

“ಹಳೇ ಪುಸ್ತಕದಲ್ಲಿ ಸೊನ್ನೆ ಅಂದ್ರೆ ಸಾವೇ. ನನ್ನ ಶೆಡ್ಡಲ್ಲಿ ಅದೇ ರೂಲ್ಸು.” ಪೂರ್ಣೇಶ ಆ ವೀರನ ಅಂಕಿಗಳನ್ನೆಲ್ಲ ಬರೆದಿಟ್ಟಿದ್ದ ಹಾಳೆಯನ್ನು ಹರಿದು ಹಾಕಿದ.

ಸುಕೇಶ ಕೈಗೆ ಸಿಕ್ಕ ಸ್ಪ್ಯಾನರಿನಿಂದ ಬೀಸಿ ಹೊಡೆದ. ಹುಬ್ಬು ಸೀಳಿ ಪೂರ್ಣೇಶನ ಕಣ್ಣಿಗೆ ರಕ್ತ ಇಳಿಯಿತು. ಕಣ್ಣು ಕಾಣದಿದ್ದರೂ ಅವನು ಸುಕೇಶನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಉಸಿರು ಸಿಗದೆ ಸುಕೇಶನ ಕೈಕಾಲು ಸಡಿಲವಾದಾಗ ಪೂರ್ಣೇಶನಿಗೆ ತನ್ನ ಕೈಗಳ ಬಗ್ಗೆಯೇ ಭಯವಾಯಿತು. ಬಿಟ್ಟುಬಿಟ್ಟ.

ಸುಕೇಶ ಕೆಮ್ಮಿ, ರಕ್ತ ಉಗುಳಿ, ಅತ್ತ. “ವರ್ಷಗಟ್ಟಲೆ ಸಾಕಿದ್ದೆ ಕಣೋ ಅವನ್ನ.”

ಪೂರ್ಣೇಶ ಹುಬ್ಬನ್ನು ಒತ್ತಿ ಹಿಡಿದುಕೊಂಡು ಹೊಸ ಪುಸ್ತಕದಲ್ಲಿ ಸೊನ್ನೆಯ ನಿಯಮವಿದ್ದ ಪುಟ ಓದಿದ. ಸುಕೇಶ ಹೇಳಿದ್ದು ನಿಜವಾಗಿತ್ತು.

“ನಿನ್ನ ವೀರ ಬದುಕಿದ್ದಾನೆ ಬಿಡು,” ಎಂದ. ಇಬ್ಬರೂ ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಹೋದರು.