ಕಬ್ಬಿಗೂ ಕೊಬ್ಬಿಗೂ ಎಷ್ಟು ದೂರ

ಘಟಪ್ರಭೆಯ ಆ ಸ್ಕ್ಯಾನಿಂಗ್ ಕೋಣೆಯಲ್ಲಿ ಅಂದು ನಾವು ನಾಲ್ಕು ಜನ ಇದ್ದೆವು. ಅಂಗಿ ಮೇಲೆತ್ತಿಕೊಂಡು ಅಂಗಾತ ಮಲಗಿದ್ದ ನಾನು. ನನ್ನ ಚಪ್ಪಲಿ ಕಾಯುವವಳಂತೆ ಕಾಲದೆಸೆ ನಿಂತಿದ್ದ ಹೆಂಡತಿ ಹಸೀನಾ. ಒಬ್ಬರೇ ಒಳಗೆ ಬರಬೇಕೆಂದು ಹೇಳಿದರೂ ಕೇಳದೆ ನುಗ್ಗಿದ್ದ ಗೆಳೆಯ ಲಗಮಪ್ಪ. ಮತ್ತು ಗೋಡೆಯ ಕಡೆ ಮುಖ ಮಾಡಿ ಪರದೆ ನೋಡುತ್ತಿದ್ದ ಡಾಕ್ಟರಬಾಯಿ. ಪಕ್ಕೆನೋವೆಂದು ಕಿಡ್ನಿಯ ಹರಳು ಹುಡುಕಲು ಬಂದಿದ್ದೆವು.

“ಹರಳ ಇಲ್ರಿ,” ಎಂದರು ಡಾಕ್ಟರಬಾಯಿ. “ಆದ್ರ ಲಿವರ್‌ನ್ಯಾಗ ಕೊಬ್ಬ ಐತಿ.”

ಹಸೀನಾ ಒಂದು ಕ್ಷಣವೂ ತಡಮಾಡಲಿಲ್ಲ. “ಇವರಿಗೆ ಕೊಬ್ಬ ಐತಿ ಅಂತ ಮದುವ್ಯಾದಾಗಿಂದ ಹೇಳ್ಕೋತ ಬಂದೇನ್ರಿ ಬಾಯಾರ. ಎಲ್ಲಿ ಐತಿ ಅನ್ನೂದು ಇವತ್ತ ಗೊತ್ತಾತು ನೋಡ್ರಿ.”

ನಮ್ಮ ಭಾಷೆಯ ಚೆಲುವು ಇದು. ಇಂಗ್ಲಿಷಿನಲ್ಲಿ ರೋಗವಾಗಿರುವುದು ಕನ್ನಡಕ್ಕೆ ಬಂದ ಕೂಡಲೇ ಬೈಗುಳವಾಗುತ್ತದೆ. ಸಕ್ಕರೆ ಕಾಯಿಲೆ ಬಂದವನನ್ನು ನೋಡಿ ಜನ ಅಯ್ಯೋ ಅನ್ನುತ್ತಾರೆ. ಕೊಬ್ಬು ಬಂದವನನ್ನು ನೋಡಿ ಯಾರು ಅಯ್ಯೋ ಅಂದಾರು?

ಲಗಮಪ್ಪ ಮಾತ್ರ ನನ್ನ ಪರ ವಕಾಲತ್ತಿಗೆ ಇಳಿದ. “ಇಂವಾ ದಾರೂ ಮುಟ್ಟಂಗಿಲ್ರಿ. ಚಹಾ ಕಡಕ್ ಆದ್ರನ ತಲಿ ತಿರಗತೈತಿ ಇವಗ.”

“ಕುಡೀಲಾರ್ದವರಿಗೂ ಬರತೈತ್ರಿ,” ಎಂದರು ಅವರು. ಸಿಹಿ ಹೆಚ್ಚಾಗಿ, ಕರಿದದ್ದು ಹೆಚ್ಚಾಗಿ, ಅಡ್ಡಾಡುವುದು ಕಡಿಮೆಯಾದರೆ ಲಿವರ್ ತನ್ನೊಳಗೇ ಕೊಬ್ಬು ಕೂಡಿಸಿಡುತ್ತದಂತೆ. ನೋವಿಲ್ಲ, ಕೂಗಿಲ್ಲ. ನನ್ನ ಪಕ್ಕೆನೋವಿಗೂ ಅದಕ್ಕೂ ಬಹುಶಃ ಸಂಬಂಧವೇ ಇರಲಿಲ್ಲ. ಈಗ ಎಚ್ಚೆತ್ತರೆ ಇಳಿಯುತ್ತದೆ, ಹಾಗೇ ಬಿಟ್ಟರೆ ಕೆಲವರಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ. ಇದು ನನಗೆ ಬೇಗ ತಿಳಿಯಿತು. ನಾವು ಪಿಂಜಾರರು, ಕೊಣ್ಣೂರಿನಲ್ಲಿ ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ತುಂಬಿದವರು. ಹತ್ತಿ ಮಿತಿಮೀರಿ ತುಂಬಿದ ಗಾದಿ ಮೊದಲು ಉಬ್ಬುತ್ತದೆ, ಬರಬರುತ್ತ ಕಲ್ಲಾಗುತ್ತದೆ. ಹಿಂಜುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಅದೇ ಗಾದಿಗಳ ಮೇಲೆ ಕುಳಿತು ವ್ಯಾಪಾರ ಮಾಡತೊಡಗಿದಾಗಲೇ ನನ್ನೊಳಗೂ ಯಾರೋ ಹತ್ತಿ ತುಂಬಲು ಶುರುಮಾಡಿದ್ದಿರಬೇಕು.

ಹೊರಗೆ ಬಂದ ಮೇಲೆ ಲಗಮಪ್ಪ ಹೇಳಿದ: “ಕುಡದ ಬಂದಿದ್ರ ಮಜಾನರ ಆಗಿರತಿತ್ತು. ಕುಡೀಲಾರ್ದ ಬಂತಂದ್ರ ಬರೀ ಲುಕ್ಸಾನ.”

ಈಗ ನಮ್ಮ ಕಡೆಯ ವೈದ್ಯಶಾಸ್ತ್ರವನ್ನು ಸ್ವಲ್ಪ ವಿವರಿಸಬೇಕು. ಅದರಲ್ಲಿ ಲಿವರಿಗೆ ಬರುವುದು ಎರಡೇ ರೋಗ. ಕುಡುಕರಿಗೆ ಬರುವುದೊಂದು, ಮರ್ಯಾದಸ್ಥರಿಗೆ ಬರುವ ಕಾಮಣಿ, ಅಂದರೆ ಕಾಮಾಲೆ, ಇನ್ನೊಂದು. ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ. ನಾನು ಕುಡುಕನಲ್ಲ, ಆದ್ದರಿಂದ ನನಗೆ ಕಾಮಣಿ ಎಂದು ಲಗಮಪ್ಪ ತೀರ್ಮಾನಿಸಿದ. ಕಾಮಣಿಗೆ ಮದ್ದು ಯಾವುದು ಎಂದು ನಮ್ಮೂರಿನ ಹಸುಗೂಸನ್ನು ಕೇಳಿದರೂ ಹೇಳುತ್ತದೆ: ಕಬ್ಬಿನ ಹಾಲು.

ಲಗಮಪ್ಪನದು ಮೊದಲು ಕುರಿ ಕಾಯುವ ಮನೆತನ, ಈಗ ಕಬ್ಬು ಬೆಳೆಯುವ ಮನೆತನ. ತನ್ನ ಹೊಲದ ಕಬ್ಬನ್ನು ತಾನೇ ಆರಿಸಿ ಕಡಿದು, ಬಸ್ ನಿಲ್ದಾಣದ ಬಾಜೂ ಇರುವ ಗಾಣದಲ್ಲಿ ಹಿಂಡಿಸಿ, ದಿನಾ ಮುಂಜಾನೆ ಕ್ಯಾನಿನಲ್ಲಿ ತಂದು ನನ್ನ ಗಾದಿ ಅಂಗಡಿಯಲ್ಲಿ ಇಡತೊಡಗಿದ. ಗೆಳೆಯ ಒಬ್ಬನೇ ಔಷಧ ಕುಡಿಯಬಾರದೆಂದು ಜೊತೆಗೆ ತಾನೂ ಒಂದು ಗ್ಲಾಸು ಏರಿಸುತ್ತಿದ್ದ. ನಾನಾದರೂ ಬೇಡ ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಡಾಕ್ಟರಬಾಯಿ ಬಿಡಲು ಹೇಳಿದ್ದು ಸಕ್ಕರೆ. ಚಹಾಕ್ಕೆ ಸಕ್ಕರೆ ಬಿಟ್ಟೆ, ಗೋಕಾಕಿನ ಕರದಂಟು ಬಿಟ್ಟೆ, ಹುಕ್ಕೇರಿಯ ಮಾವನ ಮನೆಗೆ ಹೋದಾಗ ಶೀರಕುರ್ಮಾ ಪಾಯಸದ ಬಟ್ಟಲನ್ನು ಕಣ್ಣು ಮುಚ್ಚಿ ಹಿಂದಕ್ಕೆ ಸರಿಸಿದೆ. ಇಷ್ಟೆಲ್ಲ ಬಿಟ್ಟವನು ಔಷಧ ಕುಡಿಯಬಾರದೇ? ಅದರ ಹೆಸರೂ ನೋಡಿ, ಹಾಲು! ಹಾಲಿನ ಮೇಲೆ ಯಾರಿಗೆ ಅನುಮಾನ ಬಂದೀತು?

ಕೆಲವು ತಿಂಗಳ ಮೇಲೆ ಮರಳಿ ತೋರಿಸಲು ಹೋದಾಗ ರಕ್ತದ ವರದಿ ಮೊದಲ ಸಲ ತೆಗೆಸಿದ್ದಕ್ಕಿಂತ ಕೆಟ್ಟಿತ್ತು.

“ಸಕ್ಕರಿ ಬಿಟ್ಟೀರೋ ಇಲ್ಲೋ?”

“ಖರೇನ ಬಿಟ್ಟೇನ್ರಿ. ಔಷಧಕ್ಕ ಅಂತ ಬರೀ ಕಬ್ಬಿನ ಹಾಲ ಕುಡೀತೇನ್ರಿ.”

ಡಾಕ್ಟರಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮೂರಾಗ ಸಕ್ಕರಿ ಯಾತರಿಂದ ಮಾಡ್ತಾರ್ರಿ?”

ಸುತ್ತ ಕಬ್ಬಿನ ಹೊಲಗಳ ನಡುವೆಯೇ ಬೆಳೆದ ನನಗೆ ಆ ಪ್ರಶ್ನೆಯ ಉತ್ತರ ಹೊಳೆಯಲು ತುಸು ಹೊತ್ತು ಬೇಕಾಯಿತು.

ಬಿಡುವುದೇನೋ ಸುಲಭ, ಲಗಮಪ್ಪನಿಗೆ ಹೇಳುವುದು ಹೇಗೆ? ನಮ್ಮ ಆಯಿ, ಅಂದರೆ ಅಜ್ಜಿ, ನಮ್ಮಿಬ್ಬರನ್ನು ಚಿಕ್ಕಂದಿನಿಂದ ‘ಜಿಗ್ರಿ ದೋಸ್ತರು’ ಎಂದೇ ಕರೆಯುತ್ತಿದ್ದಳು. ಜಿಗರ್ ಅಂದರೆ ಎದೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಲಿವರಂತೆ. ಕನ್ನಡಿಗರು ಮಮತೆಯನ್ನು ಕರುಳಲ್ಲಿಟ್ಟರು, ಧೈರ್ಯವನ್ನು ಗುಂಡಿಗೆಯಲ್ಲಿಟ್ಟರು, ಮತ್ಸರಕ್ಕೆ ಹೊಟ್ಟೆಯನ್ನು ಬಿಟ್ಟುಕೊಟ್ಟರು. ಲಿವರಿಗೆ ಏನನ್ನೂ ಕೊಡಲಿಲ್ಲ. ಉರ್ದುವಿನವರು ಪಾಪ ಎಂದುಕೊಂಡು ಗೆಳೆತನವನ್ನು ಅಲ್ಲಿಟ್ಟರು. ಗೆಳೆತನ ಇಟ್ಟ ಜಾಗದಲ್ಲೇ ಕೊಬ್ಬೂ ಬಂದು ಕೂತರೆ ಯಾವುದನ್ನು ಹೇಗೆ ಬೇರೆ ಮಾಡುವುದು?

ಮುಂಜಾನೆ ಕ್ಯಾನಿನೊಂದಿಗೆ ಬಂದ ಲಗಮಪ್ಪನೆದುರು ನಾನು ಮಾತು ಹುಡುಕುತ್ತ ಕೂತಿದ್ದಾಗ ಹಸೀನಾಳೇ ಹೇಳಿಬಿಟ್ಟಳು. “ಲಗಮಣ್ಣಾ, ನಾಳಿಂದ ಕ್ಯಾನ್ ತರಬ್ಯಾಡ. ಇವರ ಲಿವರ್ ಮತ್ತ ಕೆಟ್ಟೈತಿ.”

“ನನ್ನ ಕಬ್ಬಿನಿಂದೇನು?”

“ಡಾಕ್ಟರಬಾಯಿ ಹಂಗ ಅಂದ್ರಪಾ.”

ಅವನು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. “ಏ ಹಸನ್ಯಾ, ಇಷ್ಟ ದಿವಸ ನಾ ನಿನಗ ವಿಷಾ ಕುಡಿಸಿದ್ನೇನು?” ಎಂದವನೇ ತುಂಬಿದ ಕ್ಯಾನನ್ನು ಎತ್ತಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಅವನಿಲ್ಲದ ಆ ದಿನಗಳಲ್ಲಿ ನಾನು ಎಲ್ಲವನ್ನೂ ಸರಿಯಾಗಿ ಮಾಡಿದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಸಪ್ಪನೆಯ ಮಜ್ಜಿಗೆ. ಮೂಡಲಗಿಯ ಮಗಳ ಮನೆಯಲ್ಲಿ ಬೀಗತಿ “ಒಂದ ಹೋಳಗಿಗೆ ಏನ್ ಆಗತೈತ್ರಿ” ಎಂದಾಗ ಕೈಯನ್ನು ತಟ್ಟೆಗೆ ಅಡ್ಡ ಹಿಡಿದೆ. ಈ ರೋಗಕ್ಕೆ ನುಂಗಿದ ಕೂಡಲೇ ಕೊಬ್ಬು ಕರಗಿಸುವ ಗುಳಿಗೆ ಇಲ್ಲವಂತೆ. ಮೈಯ ಭಾರ ನಿಧಾನವಾಗಿ ಇಳಿದಂತೆ ಲಿವರೂ ಇಳಿಯುತ್ತದಂತೆ. ಮುಂದಿನ ತಪಾಸಣೆಯಲ್ಲಿ ನನ್ನದು ಇಳಿದಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನೀವು ಕಾಯುವುದು ಬೇಡ. ಒಂದೇ ಒಂದು ಕೆಲಸ ಆಗ ನನ್ನಿಂದಾಗಲಿಲ್ಲ: ನಡೆಯುವುದು. ಮುಂಜಾನೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗುತ್ತಿದ್ದೆ, ಅವನ ಮನೆಯ ಮುಂದೆಯೇ ಹಾಯಬೇಕಲ್ಲ ಎಂದು ನೆನಪಾಗಿ ಮರಳುತ್ತಿದ್ದೆ. ನಾಲಿಗೆಯನ್ನು ಕಟ್ಟುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಮುನಿದ ಗೆಳೆಯನ ಬಾಗಿಲು ದಾಟುವುದು ಅದಕ್ಕಿಂತ ಕಷ್ಟ.

ಒಂದು ಮುಂಜಾನೆ ಅವನೇ ನಮ್ಮ ಬಾಗಿಲಲ್ಲಿ ನಿಂತಿದ್ದ, ಬರಿಗೈಯಲ್ಲಿ.

“ಘಟಪ್ರಭಾಕ್ಕ ಹೋಗಿದ್ನಿ,” ಎಂದ. “ಆ ಡಾಕ್ಟರಬಾಯಿ ಕೂಡ ಜಗಳಾ ಮಾಡಾಕ.”

“ಮಾಡಿದ್ಯಾ?”

“ಮಾಡಿದ್ನಿ. ನೀವೂ ದಿನಾ ಅವರ ಜೋಡಿ ಕುಡದೀರೇನು ಅಂತ ಕೇಳಿದ್ರು. ಹೌದ್ರಿ ಅಂದ್ನಿ. ಅಂಗಿ ಎತ್ತರಿ ಅಂದ್ರು.” ಹೊಸ್ತಿಲನ್ನು ನೋಡುತ್ತ ಮುಂದುವರಿಸಿದ: “ನಂದೂ ಹಂಗ ಐತಂತ.”

ಲಗಮಪ್ಪ ಕಡ್ಡಿಯಂಥವನು. ತೆಳ್ಳಗಿರುವವರಿಗೂ ಇದು ಬರಬಹುದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಒಳಗಿನಿಂದ ಹಸೀನಾಳ ದನಿ ಬಂತು: “ಲಗಮಣ್ಣಾ, ನಿನಗೂ ಕೊಬ್ಬ ಬಂತೇನು?”

“ಬಂತ್ರಿ ವೈನಿ. ಸಹವಾಸ ದೋಷ.”

ಮೂವರೂ ನಕ್ಕೆವು. ನಾನು ಚಪ್ಪಲಿ ಮೆಟ್ಟಿದೆ.

ಹೊಳೆಯ ಕಡೆ ಹೋಗುವ ದಾರಿ ಹಿಡಿದೆವು. ಅರ್ಧ ದಾರಿ ದಾಟುವುದರೊಳಗೆ ನನಗೆ ಏದುಸಿರು ಬಂದಿತ್ತು, ಅವನು ಮೊಣಕಾಲು ಹಿಡಿದುಕೊಂಡಿದ್ದ. ಹಿಂದಿನಿಂದ ಬಂದ ಪರಿಚಯದವರೊಬ್ಬರು ಬೈಕು ನಿಲ್ಲಿಸಿ, “ಹತ್ರಿ ಕಾಕಾ, ಇಬ್ಬರ್ನೂ ಬಿಡ್ತೇನಿ” ಎಂದರು. ಲಗಮಪ್ಪ ಒಂದು ಕಾಲು ಎತ್ತಿದ. ನನ್ನ ಮುಖ ನೋಡಿದ. ಎತ್ತಿದ ಕಾಲನ್ನು ಇಳಿಸಿ, “ನೀ ಹೋಗಪಾ,” ಎಂದ.

ಬೈಕು ಹೋಯಿತು. ನಾವು ನಡೆದೆವು.