ಕರಿಯಮ್ಮ ಮತ್ತು ಕೂಸು ಎತ್ತುವ ಟವಲು

ಅಳುವ ಕೂಸನ್ನು ಸುಮ್ಮನಾಗಿಸುವುದರಲ್ಲಿ ಕರಿಯಮ್ಮನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಎತ್ತಿಕೊಂಡು, ಬೆನ್ನ ಮೇಲೆ ಅಂಗೈಯಿಟ್ಟು, "ಏನಾಯ್ತಪ್ಪಾ ನಮ್ ದೊರೆಗೆ?" ಅನ್ನುವಳು. ಕೂಸು ಅವಳ ಮುಖ ನೋಡುತ್ತಾ ಅಳು ಮರೆಯುತ್ತಿತ್ತು. ಭದ್ರಾವತಿ ಹಳೇನಗರದಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಇದ್ದ ಶಿಶುಪಾಲನಾ ಕೇಂದ್ರದಲ್ಲಿ ಅವಳು ಹದಿನಾಲ್ಕು ವರ್ಷ ಆಯಾ. ನಾನು, ಉಮಾಮಹೇಶ್ವರಿ, ಅಲ್ಲಿನ ಟೀಚರ್.

ಎತ್ತಿಕೊಳ್ಳುವುದಕ್ಕೆ ಒಂದು ಷರತ್ತಿತ್ತು. ಕೇರಿಯವಳ ಮೈ ತಾಗಬಾರದೆಂದು ನಮ್ಮ ಬೀದಿಯ ಪ್ರತಿ ಮನೆಯಿಂದಲೂ ಕೂಸಿನ ಜೊತೆ ಒಂದು ಟವಲು ಬರುತ್ತಿತ್ತು. ಅದನ್ನು ಹೆಗಲಿನಿಂದ ಸೊಂಟದವರೆಗೆ ಹಾಸಿಕೊಂಡೇ ಅವಳು ಕೂಸನ್ನು ಎತ್ತಬೇಕು. ಸಂಜೆ ಮನೆಯವರು ಆ ಟವಲಿಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಉಚ್ಚೆ, ಹೇಲು ಬಳಿಯುವುದಕ್ಕೆ ಅವಳ ಕೈ ಆಗುತ್ತಿತ್ತು, ಕೂಸು ಒರಗಿಕೊಳ್ಳುವುದಕ್ಕೆ ಅವಳ ಎದೆ ಆಗುತ್ತಿರಲಿಲ್ಲ. ಬರೆಯುವಾಗಲೂ ಹೇಸಿಗೆಯಾಗುತ್ತದೆ. ಆದರೆ ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ: ನನ್ನ ಮಗ ವೀರೇಂದ್ರ ಕೂಸಾಗಿದ್ದಾಗ ನಮ್ಮ ಮನೆಯಿಂದಲೂ ಹಸಿರಂಚಿನ ಟವಲೊಂದು ಹೋಗುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಎಂದು ಪತ್ರ ಬಂತು. ವಿಷಯ, ಎಳೆಯ ಮಕ್ಕಳ ಮನಸ್ಸು ಮತ್ತು ಸಮಾನತೆ. ಟೀಚರ್, ಆಯಾ ಇಬ್ಬರೂ ಬರಬೇಕು. ಪತ್ರ ಓದಿ ಹೇಳಿದಾಗ ಕರಿಯಮ್ಮ ಸೌದೆ ಒಟ್ಟುವುದನ್ನು ನಿಲ್ಲಿಸಿದಳು.

"ಅಲ್ಲಿ ಈ ಟವಲ್ ವಿಷ್ಯ ಒಂದ್ ಮಾತು ಹೇಳಿ ಟೀಚರಮ್ಮ. ನಾನು ಹೇಳಿದ್ರೆ ಯಾರು ಕೇಳ್ತಾರೆ? ಬೇಸಿಗೇಲಿ ಕೂಸುಗಳು ಬೆವೆತು ಒದ್ದಾಡ್ತವೆ. ನಂಗೂ ದಿನಾ ಅವಮಾನ ಆಗ್ತದೆ. ಇದೊಂದು ನಿಂತ್ರೆ ಸಾಕು, ಬೇರೇನೂ ಕೇಳಲ್ಲ."

"ಹೇಳ್ತೀನಿ ಮಾರಾಯ್ತಿ, ಖಂಡಿತ ಹೇಳ್ತೀನಿ" ಅಂದೆ. ಅಂದಾಗ ನಿಜವಾಗಿಯೂ ಹೇಳಬೇಕೆಂದೇ ಇತ್ತು.

ತರಬೇತಿ ನಡೆದದ್ದು ಕೋಟೆ ಕಡೆಯ ಒಂದು ಸಭಾಂಗಣದಲ್ಲಿ. ಟೀಚರುಗಳಿಗೆ ಕುರ್ಚಿ, ಆಯಾಗಳಿಗೆ ಹಿಂದೆ ಜಮಖಾನ. ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಸತ್ಯಭಾಮಾ ಮೇಡಂ ಚೆನ್ನಾಗಿಯೇ ಮಾತಾಡಿದರು. ಕೂಸು ಜಗತ್ತನ್ನು ನಂಬಲು ಕಲಿಯುವುದು ತನ್ನನ್ನು ಅಪ್ಪಿದವರ ಮೈಯಿಂದ, ಆ ಮೈ ಯಾವ ಜಾತಿಯದೆಂದು ಅದಕ್ಕೆ ಗೊತ್ತಿಲ್ಲ ಅಂದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಟೀ ಬಂತು. ಕುಡಿದ ಲೋಟಗಳನ್ನೆಲ್ಲ ಆಯಾಗಳು ತೊಳೆದರು.

ಎತ್ತಿಕೊಳ್ಳುವುದನ್ನು ಮಾಡಿ ತೋರಿಸಲೆಂದು ನಮ್ಮ ಸೂಪರ್‌ವೈಸರ್ ಬಸವರಾಜೇಶ್ವರಿ ತಮ್ಮ ಎಂಟು ತಿಂಗಳ ಮೊಮ್ಮಗನನ್ನು ಕರೆತಂದಿದ್ದರು. ಅಷ್ಟು ಜನರನ್ನು ಕಂಡು ಕೂಸು ಕಿರುಚಲು ಶುರುಮಾಡಿತು. ಕೈಯಿಂದ ಕೈಗೆ ದಾಟಿದಷ್ಟೂ ಅಳು ಹೆಚ್ಚಿತು. ತಡೆಯಲಾರದೆ ಕರಿಯಮ್ಮ ಜಮಖಾನದಿಂದ ಎದ್ದು ಬಂದಳು. ಎರಡೂ ಕೈ ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಂಡು, ಇಷ್ಟು ವರ್ಷಗಳ ರೂಢಿಯಲ್ಲಿ ಕೇಳಿಬಿಟ್ಟಳು:

"ಟವಲ್ ಕೊಡಿ ಅಮ್ಮಾವ್ರೆ."

ಬಸವರಾಜೇಶ್ವರಿ ಬ್ಯಾಗಿನಿಂದ ಟವಲು ತೆಗೆದುಕೊಟ್ಟರು. ಕರಿಯಮ್ಮ ಹಾಸಿಕೊಂಡು ಎತ್ತಿಕೊಂಡಳು, ಕೂಸು ಸುಮ್ಮನಾಯಿತು. ಸತ್ಯಭಾಮಾ ಮೇಡಂ ಚಪ್ಪಾಳೆ ತಟ್ಟಿದರು.

"ನೋಡಿ, ಎಂಥಾ ಶುಚಿತ್ವ! ಯಾರು ಕಲಿಸಿದ್ದು ಇವರಿಗೆ?"

"ನಮ್ ಕಡೆ ಪದ್ಧತಿ ಮೇಡಂ. ನಾವೇ ಕಲಿಸಿರೋದು" ಅಂದರು ಬಸವರಾಜೇಶ್ವರಿ, ಒಂದಿಷ್ಟೂ ಅಳುಕದೆ. ಆ ಟವಲು ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೇಡಂ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: ಕೂಸು ಎತ್ತಲು ಟವಲು ಕಡ್ಡಾಯ.

ಕರಿಯಮ್ಮ ಕೂಸನ್ನು ತಟ್ಟುತ್ತಾ ನನ್ನ ಕಡೆ ನೋಡಿದಳು. ಎದ್ದು ನಿಂತು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಮ್ಮೂರಿನ ಬೇರೆ ಕೇಂದ್ರಗಳ ಹತ್ತು ಜನ ಟೀಚರುಗಳು ಅಲ್ಲೇ ಕೂತಿದ್ದರು. ಹೇಳಿದರೆ ನಾಳೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ನಾನು ತಲೆ ತಗ್ಗಿಸಿ, ಹಲಗೆಯ ಮೇಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಥೂ, ಅಡಿಗೆರೆ ಬೇರೆ ಎಳೆದೆ.

ವಾಪಸು ಬರುವಾಗ ಬಸ್ಸಿನಲ್ಲಿ, ಕಾಗದನಗರದ ಕೆಲವರು ಇಳಿದ ಮೇಲೆ ಸೀಟು ಸಿಕ್ಕಿತು. ಕರಿಯಮ್ಮ ಪಕ್ಕದಲ್ಲಿ ಕೂತು, "ಹೇಳ್ಲೇ ಇಲ್ವಲ್ಲ ಟೀಚರಮ್ಮ" ಅಂದಳು. "ಸಮಯ ಸಿಗಲಿಲ್ಲ ಕಣೆ" ಅಂದೆ.

ಎರಡು ತಿಂಗಳಿಗೆ, ತರಬೇತಿ ಕೊಟ್ಟ ಸಂಸ್ಥೆಯಿಂದ ಪ್ರತಿ ಕೇಂದ್ರಕ್ಕೂ ಒಂದು ಡಜನ್ ಬಿಳಿ ಟವಲು ಬಂದವು. ಜೊತೆಗೊಂದು ಸೂಚನೆ: ಟವಲಿಲ್ಲದೆ ಆಯಾ ಯಾವ ಮಗುವನ್ನೂ ಎತ್ತಕೂಡದು. ಟವಲು ಒಗೆಯುವ ಕೆಲಸ ತಪ್ಪಿತೆಂದು ನಮ್ಮ ಬೀದಿಯವರಿಗೆ ಖುಷಿಯೋ ಖುಷಿ. ಅಲ್ಲಿಯವರೆಗೆ ಕೇರಿಯ ಕೂಸುಗಳನ್ನಾದರೂ ಕರಿಯಮ್ಮ ಟವಲಿಲ್ಲದೆ ಎದೆಗೆ ಅವುಚಿಕೊಳ್ಳುತ್ತಿದ್ದಳು. ಈಗ ಅದೂ ನಿಂತಿತು. ನಾವು ತಂದ ಸಮಾನತೆ ಇದು.

ಮುಂದಿನ ಬೇಸಿಗೆಯಲ್ಲಿ ಅವಳ ಮಗಳು ಕೂಲಿಗೆ ಹೋಗತೊಡಗಿ, ತನ್ನ ಒಂಬತ್ತು ತಿಂಗಳ ಕೂಸು ಅಮೂಲ್ಯಳನ್ನು ನಮ್ಮ ಕೇಂದ್ರಕ್ಕೆ ಬಿಟ್ಟಳು. ಒಂದು ಮಧ್ಯಾಹ್ನ ಜ್ವರ ಬಂದ ಮೊಮ್ಮಗಳನ್ನು ಕರಿಯಮ್ಮ ಎದೆಗೊರಗಿಸಿಕೊಂಡು ಮಲಗಿಸುತ್ತಿದ್ದಾಗ ಬಸವರಾಜೇಶ್ವರಿ ತಪಾಸಣೆಗೆ ಬಂದರು.

"ಟವಲ್ ಎಲ್ಲಿ?"

"ನನ್ ಮೊಮ್ಮಗಳು ಅಮ್ಮಾವ್ರೆ."

"ಯಾರ್ ಮಗು ಆದ್ರೇನು? ಇಲ್ಲಿ ಎಲ್ಲಾ ಮಕ್ಕಳೂ ಒಂದೇ. ಉಮಾಮಹೇಶ್ವರಿ, ಕೊಡ್ರೀ ಒಂದು ಟವಲು."

ನಾನು ಹಗ್ಗದ ಮೇಲಿದ್ದ ಟವಲು ತೆಗೆದು ಚಾಚಿದೆ. ಈ ಸಲ ಕರಿಯಮ್ಮ ನನ್ನ ಮುಖ ನೋಡಲಿಲ್ಲ. ನಿದ್ದೆ ಹತ್ತುತ್ತಿದ್ದ ಕೂಸನ್ನು ಎದೆಯಿಂದ ಬಿಡಿಸಿದಳು, ಅದು ಕಿಟ್ಟನೆ ಕಿರುಚಿ ಅವಳ ಕತ್ತು ಹಿಡಿದುಕೊಂಡಿತು. ಅವಳು ಒಂದೊಂದೇ ಬೆರಳು ಬಿಡಿಸಿ, ಟವಲು ಹಾಸಿಕೊಂಡು, ಸ್ವಂತ ಮೊಮ್ಮಗಳನ್ನು ಅದರ ಮೇಲೆ ಮಲಗಿಸಿಕೊಂಡಳು. ಬಸವರಾಜೇಶ್ವರಿ "ಹ್ಞಾ, ಹೀಗೆ" ಎಂದು ತಪಾಸಣೆ ಪುಸ್ತಕದಲ್ಲಿ 'ಉತ್ತಮ' ಅಂತ ಬರೆದರು. ಕೆಳಗೆ ನಾನು ಸಹಿ ಹಾಕಿದೆ.