ಕೋಚ್‌ಗಳ ಕೊರಳಿಂದ ವಿಶಲ್ ಇಳಿಸಿದಾಕೆ

ಸೋಮವಾರ ಬಂತೆಂದರೆ ನಂಜನಗೂಡು ಬೆಳಕು ಹರಿಯುವ ಮೊದಲೇ ಎದ್ದು ಕೂತಿರುತ್ತದೆ. ದೇವಸ್ಥಾನದ ಬೀದಿಯಲ್ಲಿ ಹೂವಿನವರ ಕೂಗು ಆಗಲೇ ಶುರು. ಅಲ್ಲಿಂದ ಎರಡು ಬೀದಿ ಈಚೆಗೆ, ಒಂದು ಹಳೆಯ ಸಮುದಾಯ ಭವನದಲ್ಲಿ, ವಾಣಿ ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಒತ್ತಿ ಸಾಲಾಗಿ ಇಡುತ್ತಿದ್ದಾರೆ. ಇಟ್ಟ ಪ್ರತಿ ಕುರ್ಚಿಯ ಮೇಲೂ ದೊಪ್ಪನೆ ಕೂತು, ಎದ್ದು, ಮತ್ತೆ ಕೂತು ನೋಡುತ್ತಾರೆ. ಕಾಲು ಅಲ್ಲಾಡಿದ ಕುರ್ಚಿ ಹೊರಗೆ. ಪೆಂಡಾಲ್ ಅಂಗಡಿಯಿಂದ ತಂದ ಕುರ್ಚಿಗಳಿವು, ಎಷ್ಟು ಮದುವೆಗಳ ಭಾರ ಹೊತ್ತಿವೆಯೋ ಆ ಶಿವನಿಗೇ ಗೊತ್ತು.

ಅಷ್ಟರಲ್ಲಿ ಹುಲ್ಲಹಳ್ಳಿಯ ಮೊದಲ ಬಸ್ಸಿನಲ್ಲಿ, ತಿ. ನರಸೀಪುರದ ಕಡೆಯ ಬೈಕುಗಳಲ್ಲಿ ಕೋಚ್‌ಗಳು ಬಂದಿಳಿಯುತ್ತಾರೆ. ಖೋ ಖೋ, ಕಬಡ್ಡಿ, ವಾಲಿಬಾಲ್ ಕಲಿಸುವ ಕಟ್ಟುಮಸ್ತಾದ ಜನ. ಬಾಗಿಲಲ್ಲೇ ಅವರ ಕೊರಳಿನ ವಿಶಲ್ ಇಳಿಯಬೇಕು. ಅದನ್ನು ಕಿಟಕಿ ಸರಳಿಗೆ ನೇತುಹಾಕಿ ಒಳಗೆ ಬರುವಾಗ ಆ ಮುಖಗಳನ್ನು ನೀವು ನೋಡಬೇಕು, ಮೀಸೆ ಬೋಳಿಸಿಕೊಂಡವರ ಹಾಗೆ ಪೆಚ್ಚಾಗಿರುತ್ತವೆ!

“ವಿಶಲ್ ಊದಿದ್ರೆ ಮಕ್ಕಳು ಓಡ್ತಾರೆ ಸಾ, ಅಜ್ಜೀರು ಬೆಚ್ಚಿ ಬೀಳ್ತಾರೆ,” ಎನ್ನುತ್ತಾರೆ ವಾಣಿ. “ನಮ್ಮ ಕೆಲ್ಸನೇ ಅವ್ರು ಬೀಳ್ದಂಗೆ ನೋಡ್ಕೊಳ್ಳೋದು. ನಾವೇ ಬೀಳ್ಸಿದ್ರೆ?”

ಹೀಗೆಂದವರು, ತರಬೇತಿ ನೋಡಿ ಬರೆಯಲೆಂದು ಬಂದ ನನ್ನತ್ತ ತಿರುಗಿ, “ನೀವೇನ್ ತಿಂದು ಬಂದ್ರಿ ಸಾ?” ಎಂದು ಕೇಳುತ್ತಾರೆ. ಇದೆಂಥ ಪ್ರಶ್ನೆಯಪ್ಪ ಎಂದುಕೊಂಡು “ಆಯ್ತು, ಆಯ್ತು” ಎನ್ನುತ್ತೇನೆ. ಅವರು ನಗುತ್ತಾರೆ. ಆ ನಗುವಿನ ಅರ್ಥ ನನಗೆ ಆಗುವುದು ಆಮೇಲೆ.

ವಾಣಿಯ ಕೆಲಸ ಇದು: ಮೈದಾನದಲ್ಲಿ ಹುಡುಗರನ್ನು ಓಡಿಸುವ ಕೋಚ್‌ಗಳಿಗೆ, ವಯಸ್ಸಾದವರಿಂದ ವ್ಯಾಯಾಮ ಮಾಡಿಸುವುದನ್ನು ಕಲಿಸುವುದು. ಕಲಿತವರು ತಮ್ಮ ಊರಿಗೆ ಹೋಗಿ ಶಾಲೆಯ ಜಗಲಿಯಲ್ಲೋ ಮಠದ ಅಂಗಳದಲ್ಲೋ ಅಜ್ಜ ಅಜ್ಜಿಯರನ್ನು ಸೇರಿಸುತ್ತಾರೆ. ಹುಲ್ಲಹಳ್ಳಿಯಲ್ಲಿ, ಬದನವಾಳಿನಲ್ಲಿ ಈಗಾಗಲೇ ಗುಂಪುಗಳು ನಡೆಯುತ್ತಿವೆ. ಕೋಚ್ ಪಾಸಾದನೋ ಇಲ್ಲವೋ ಎಂದು ಹೇಳುವವರು ವಾಣಿ ಅಲ್ಲ, ಮುದುಕರೇ. ಒಂದು ಸೋಮವಾರ ಕೋಚ್ ತರಗತಿ ನಡೆಸಬೇಕು. ಮುಂದಿನ ಸೋಮವಾರವೂ ಅವರು ಅವನ ಸಾಲಿಗೇ ಬಂದು ಕೂತರೆ ಪಾಸು. ಕುರ್ಚಿ ಖಾಲಿ ಉಳಿದರೆ ಫೇಲು.

ಇಂಥದೊಂದು ಫೇಲಾದ ಕತೆಯ ಎರಡನೇ ಕಂತು ಇವತ್ತು. ಮುಡುಕುತೊರೆಯ ಖೋ ಖೋ ಕೋಚ್ ಮಾದೇಶ್ ಹೋದ ತಿಂಗಳು ಇಲ್ಲಿ ಸೋತು ಹೋಗಿದ್ದ. ಅವನಿಗೆ ಸಿಕ್ಕ ಎರಡನೇ ಅವಕಾಶ ಇವತ್ತು ತೀರ್ಮಾನವಾಗುತ್ತದೆ. ಗೆದ್ದರೆ ಅವನೂರಿನಲ್ಲೂ ಗುಂಪು ಶುರುವಾಗುತ್ತದೆ. ಅವನು ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದಾನೆ.

ಮಾದೇಶನ ಕತೆಗೆ ಮೊದಲು ವಾಣಿಯದು. ತಿ. ನರಸೀಪುರದ ಹತ್ತಿರದ ಹಳ್ಳಿಯ ಹೆಣ್ಣುಮಗಳು, ಕಬಡ್ಡಿ ಆಡಿ ಜಿಲ್ಲಾ ತಂಡದವರೆಗೆ ಹೋದವರು. ಖಾಸಗಿ ಶಾಲೆಯೊಂದರಲ್ಲಿ ಕೋಚ್ ಆಗಿದ್ದರು. ಆಟದ ಪೀರಿಯಡ್ಡು ಟ್ಯೂಷನ್ ಪೀರಿಯಡ್ಡಾದಾಗ ಕೆಲಸ ಹೋಯಿತು. ಅದೇ ವರ್ಷ ತಾಯಿ ಮಂಚಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಆದರೆ ಅವ್ವ ಹಾಸಿಗೆ ಬಿಟ್ಟು ಏಳಲು ಒಪ್ಪಲಿಲ್ಲ. ಬಂದವರೆಲ್ಲ “ರೆಸ್ಟ್ ಮಾಡಿ” ಎಂದರೇ ಹೊರತು ಏಳುವುದು ಹೇಗೆಂದು ಒಬ್ಬರೂ ಹೇಳಿಕೊಡಲಿಲ್ಲ. ಮೈಸೂರಿನ ಫಿಸಿಯೋಥೆರಪಿ ಡಾಕ್ಟರೊಬ್ಬರನ್ನು ಕಾಡಿ ಬೇಡಿ ಕಲಿತು, ಮನೆಯ ಕುರ್ಚಿಯಲ್ಲೇ ಅವ್ವನನ್ನು ಕೂರಿಸಿ ಏಳಿಸಲು ಶುರು ಮಾಡಿದರು ವಾಣಿ.

“ಮೊದ್ಲು ನಾನೂ ಕಬಡ್ಡಿ ಕೋಚ್ ಥರಾನೇ ಕೂಗ್ತಿದ್ದೆ, ಇನ್ನೊಂದು, ಇನ್ನೊಂದು ಅಂತ. ನಮ್ಮವ್ವ ಏನಂದ್ಲು ಗೊತ್ತಾ? ನಾನೇನು ನಿನ್ ರೈಡರ್ರಾ ಮಗಾ, ನಿನ್ನ ಹೆತ್ತೋಳು ಕಣೇ ಅಂದ್ಲು. ಅವತ್ತೇ ಬಾಯಿ ಮುಚ್ಕೊಂಡೆ.”

ಆ ಅವ್ವ ಈಗ ಹಿತ್ತಲಿಗೆ ತಾವೇ ಹೋಗಿ ಸೊಪ್ಪು ಕೊಯ್ದು ತರುತ್ತಾರೆ. ಅಕ್ಕಪಕ್ಕದ ಮನೆಯವರು ನೋಡಿದರು, “ನಮ್ಮತ್ತೆಗೂ ಏಳ್ಕೊಡವ್ವ” ಎಂದರು. ಒಬ್ಬರೇ ಎಷ್ಟು ಊರು ಸುತ್ತುವುದು? ಊರೂರಲ್ಲೂ ಟೂರ್ನಮೆಂಟು ಮುಗಿದ ಮೇಲೆ ಸುಮ್ಮನೆ ಕೂರುವ ಕೋಚ್‌ಗಳಿದ್ದಾರಲ್ಲ, ಅವರ ಬೆನ್ನು ಹತ್ತಿದರು. “ಅಜ್ಜೀರ ಕಬಡ್ಡಿ ಕಪ್ ಯಾವಾಗ ಮೇಡಂ?” ಎಂದು ಆಡಿಕೊಂಡವರೇ ಹೆಚ್ಚು. ಹಾಗೆ ಆಡಿಕೊಂಡವರಲ್ಲಿ ಅರ್ಧದಷ್ಟು ಜನ ಈಗ ಇದೇ ಕಿಟಕಿಗೆ ವಿಶಲ್ ನೇತುಹಾಕುತ್ತಾರೆ.

ತರಬೇತಿಯ ಮೊದಲ ದಿನ ಅವರು ಕೋಚ್‌ಗಳನ್ನೇ ಮುದುಕರನ್ನಾಗಿ ಮಾಡುತ್ತಾರೆ! ಕಣ್ಣಿಗೆ ವ್ಯಾಸಲೀನ್ ಸವರಿದ ಕನ್ನಡಕ, ಕಿವಿಗೆ ಹತ್ತಿ, ಕಾಲಿಗೆ ಅಕ್ಕಿ ಗಂಟು, ಬೂಟಿನೊಳಗೆ ಒಂದು ಹಿಡಿ ಕಡಲೆಕಾಳು. ಹೀಗೆ ಸಿಂಗರಿಸಿ ಮೆಟ್ಟಿಲು ಇಳಿಯಿರಿ ಎನ್ನುತ್ತಾರೆ. ಬೆಟ್ಟ ಹತ್ತಿ ಇಳಿಯುವ ಗಟ್ಟಿಗರು ಗೋಡೆ ತಡವರಿಸುತ್ತ “ಅಯ್ಯೋ ಮೇಡಂ” ಎನ್ನುವುದನ್ನು ಕೇಳಿದರೆ ನಗುವೂ ಬರುತ್ತದೆ, ಮನೆಯ ಹಿರಿಯರ ನೆನಪೂ ಬರುತ್ತದೆ. ಇನ್ನೊಂದು ಪಾಠ ಸೆರಗಿನದು. ಕೈ ಮೇಲೆತ್ತಿ ಎಂದರೆ ಅಜ್ಜಿಯರು ಎತ್ತುವುದಿಲ್ಲ. ಭುಜ ನೋವೆಂದು ಕೋಚ್ ತಿಳಿಯುತ್ತಾನೆ. ಸೆರಗು ಜಾರುತ್ತದೆಂಬ ಸಂಕೋಚ ಅದು. ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ, ಆಮೇಲೆ ನೋಡಿ, ಕೈಗಳು ಹೇಗೆ ಮೇಲೇಳುತ್ತವೆ!

ಇಷ್ಟೆಲ್ಲ ಕಲಿತಿದ್ದೂ ಮಾದೇಶ್ ಎಡವಿದ್ದು ಎಲ್ಲಿ?

ಅವನ ಸಾಲಿನಲ್ಲಿ ಮಲ್ಲಾಜಮ್ಮ ಇದ್ದರು, ಎಪ್ಪತ್ತು ದಾಟಿದ ಅಜ್ಜಿ. ಸೋಮವಾರ ಕಪಿಲೆಯ ಮೆಟ್ಟಿಲಿಳಿದು, ನೀರು ಮುಟ್ಟಿ, ದೇವರಿಗೆ ಹೋಗುವುದು ಅವರ ಪದ್ಧತಿ. ಎರಡು ವರ್ಷದ ಹಿಂದೆ ಅದೇ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಹೊಳೆಯನ್ನು ದೂರದಿಂದಲೇ ನೋಡಿ ಕೈಮುಗಿಯುತ್ತಿದ್ದರು. ಮತ್ತೆ ಮೆಟ್ಟಿಲಿಳಿಯಬೇಕೆಂಬ ಆಸೆಯಿಂದಲೇ ಇಲ್ಲಿಗೆ ಬಂದಿದ್ದು. ಹಸಿದ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿಸಬಾರದೆಂಬ ನಿಯಮದಂತೆ ಮಾದೇಶ್ “ತಿಂಡಿ ಆಯ್ತಾ ಅಜ್ಜಿ?” ಎಂದು ಕೇಳಿದ. “ಆಯ್ತು ಕಣಪ್ಪ” ಎಂದರು. ಕುರ್ಚಿಯಿಂದ ಏಳುವ ವ್ಯಾಯಾಮ ಶುರುವಾಯಿತು. ನಡುವೆಯೇ ಅಜ್ಜಿ ಕಣ್ಣಿಗೆ ಕತ್ತಲೆ ಕವಿದು ಕುಸಿದರು. ಹತ್ತಿರವಿದ್ದ ಮಾದೇಶ್ ಹಿಡಿದುಕೊಂಡ, ಏಟೇನೂ ಆಗಲಿಲ್ಲ. ಆದರೆ ಸೊಸೆ ಓಡಿ ಬಂದವರು, “ನಮ್ಮತ್ತೆ ಪ್ರಾಣ ತೆಗೆಯಕ್ಕೆ ಕರುಸ್ಕಂಡ್ರಾ?” ಎಂದು ರೇಗಿ ಕರೆದುಕೊಂಡು ಹೋದರು. ಮುಂದಿನ ಸೋಮವಾರ ಅವನ ಸಾಲಿನ ಕುರ್ಚಿಗಳೆಲ್ಲ ಖಾಲಿ.

ಅಜ್ಜಿ ತಿಂಡಿ ತಿಂದೇ ಇರಲಿಲ್ಲ. ಸೋಮವಾರ ಅವರಿಗೆ ಒಪ್ಪತ್ತು. ಹಾಗಾದರೆ ಸುಳ್ಳು ಯಾಕೆ ಹೇಳಿದರು? ಸುಳ್ಳಲ್ಲ ಸ್ವಾಮಿ, ಮರ್ಯಾದೆ! ನಮ್ಮ ಕಡೆ “ತಿಂಡಿ ಆಯ್ತಾ?” ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ. ಹೊಟ್ಟೆ ತಾಳ ಹಾಕುತ್ತಿದ್ದರೂ “ಆಯ್ತು”. ಇಲ್ಲವೆಂದರೆ ಕೇಳಿದವರು ತಟ್ಟೆ ಹಾಕಬೇಕಾಗುತ್ತದಲ್ಲ, ಅವರಿಗೇಕೆ ತೊಂದರೆ?

“ನಮ್ಮವ್ವಂದೂ ಸೋಮ್ವಾರ ಒಪ್ಪತ್ತೇ ಸಾ,” ಎನ್ನುತ್ತಾನೆ ಮಾದೇಶ್, ತಲೆ ಕೆರೆಯುತ್ತ. “ಮನೇಲಿ ದಿನಾ ನೋಡೋ ನಂಗೇ ಒಳೀಲಿಲ್ಲ. ಅವತ್ತು ವಿಶಲ್ ತಗೊಂಡು ಊರಿಗೆ ಒಂಟೋಗ್ಬುಟ್ಟೆ. ಈ ಕೆಲ್ಸನೇ ಬ್ಯಾಡ ಅನ್ನುಸ್ಬುಡ್ತು.”

ಮುಡುಕುತೊರೆಗೇ ಹೋಗಿ ಅವನನ್ನು ಎಳೆದು ತಂದವರು ವಾಣಿ. ಬೈಯಲಿಲ್ಲ. “ಪ್ರಶ್ನೆ ಸರಿ ಇಲ್ಲ ಕಣೋ. ಬಾ, ಪ್ರಶ್ನೆ ಬದಲಾಯ್ಸೋಣ” ಎಂದರಂತೆ. ಅಂದಿನಿಂದ ಇಲ್ಲಿ ಯಾರೂ ತಿಂಡಿ ಆಯ್ತಾ ಎಂದು ಕೇಳುವ ಹಾಗಿಲ್ಲ. “ಏನ್ ತಿಂದ್ರಿ?” ಎಂದೇ ಕೇಳಬೇಕು. ಮರ್ಯಾದೆಗೆ ಆಯ್ತು ಎನ್ನುವವರಿಗೂ ತಿನ್ನದ ಇಡ್ಲಿಯ ಹೆಸರು ಹೇಳಲು ನಾಲಿಗೆ ತಡವರಿಸುತ್ತದೆ. ಹೋದ ಸೋಮವಾರ ಮಾದೇಶ್ ಮತ್ತೆ ತರಗತಿ ನಡೆಸಿದ. ಮಲ್ಲಾಜಮ್ಮ ಬಂದು ಮೂಲೆಯಲ್ಲಿ ಕೂತು ನೋಡಿದರಷ್ಟೇ, ಮುಗಿದೊಡನೆ ಎದ್ದು ಹೋದರು. ಇವತ್ತು ಫಲಿತಾಂಶ.

ಮೊದಲು ಬಂದವರು ಸಣ್ಣಯ್ಯ, ಪಂಚೆ ಎತ್ತಿ ಕಟ್ಟಿಕೊಂಡೇ. “ಏನ್ ತಿಂದ್ರಿ ತಾತ?” ಎಂದರೆ, “ರಾತ್ರಿ ಮುದ್ದೆ ಇನ್ನೂ ಒಟ್ಟೇಲೇ ಅದೆ ಕಣ್ಲಾ, ಅದ್ನೇ ಬರ್ಕೊ” ಎಂದು ಕೂರುತ್ತಾರೆ. ವಾಣಿ ಅವರಿಗೆರಡು ಬಿಸ್ಕತ್ತು ತಿನ್ನಿಸಿ, ಬೈಸಿಕೊಂಡು, ಬಿಡುತ್ತಾರೆ. ಒಂದೊಂದೇ ಕುರ್ಚಿ ತುಂಬುತ್ತದೆ. ಸಾಲಿನ ಕೊನೆಯ ಕುರ್ಚಿ ಮಾತ್ರ ಖಾಲಿ. ಮಾದೇಶನ ಕಣ್ಣು ಬಾಗಿಲು ಬಿಟ್ಟು ಕದಲುತ್ತಿಲ್ಲ.

ಆಗ ಕೋಲಿನ ಸದ್ದು! ಮಲ್ಲಾಜಮ್ಮ. ಹಿಂದೆ ಮುಖ ಗಂಟಿಕ್ಕಿಕೊಂಡ ಸೊಸೆ.

ಮಾದೇಶ್ ಎದುರಿಗೆ ಹೋಗಿ ಬಾಯಿ ತೆರೆಯುತ್ತಾನೆ. ಅವನು ಕೇಳುವ ಮೊದಲೇ ಅಜ್ಜಿ ಸೆರಗಿನ ಗಂಟು ಬಿಚ್ಚಿ ಏನನ್ನೋ ಅವನ ಅಂಗೈಗೆ ಹಾಕುತ್ತಾರೆ. ಬಾಳೆಹಣ್ಣಿನ ಸಿಪ್ಪೆ.

“ನೋಡ್ಕಳಪ್ಪ, ಸಿಪ್ಪೆ ತಂದಿವ್ನಿ. ನಾನು ಸುಳ್ ಏಳಿ ನೀನು ಫೇಲಾದೆ ಅಂದ್ರು. ತಡ್ಕಳಕ್ಕಾಗ್ನಿಲ್ಲ. ಒತ್ತಾರೆ ದೇವ್ರಿಗೆ ಏಳ್ದೆ, ಆ ಉಡುಗ ಪಾಸಾಗ್ಲಿ, ಒಂದ್ ಅಣ್ಣು ತಿಂತೀನಿ, ಒಪ್ಕೊ ನಂಜುಂಡಪ್ಪ ಅಂತ.”

ಇಡೀ ಭವನ ಗೊಳ್ಳೆಂದು ನಗುತ್ತದೆ. ಗಂಟಿಕ್ಕಿದ ಸೊಸೆಯ ಮುಖವೂ ಸಡಿಲುತ್ತದೆ. ಮಾದೇಶ್ ಸಿಪ್ಪೆ ಹಿಡಿದುಕೊಂಡೇ ಅಜ್ಜಿಯನ್ನು ಕೊನೆಯ ಕುರ್ಚಿಗೆ ಕರೆದುಕೊಂಡು ಹೋಗಿ ಕೂರಿಸುತ್ತಾನೆ.

ತರಗತಿ ಶುರು. ಮಾದೇಶ್ ಖೋ ಖೋ ಆಟಗಾರ ಕೂರುವ ಹಾಗೆ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ಹೇಳುತ್ತಾನೆ: “ಪಾದ ಇಂದಕ್ಕೆ ಎಳ್ಕೊಳ್ಳಿ ಅಜ್ಜಿ. ಮುಂದಕ್ಕೆ ಬಗ್ಗಿ. ಈಗ ಉಸ್ರು ಬಿಡ್ತಾ ಏಳಿ.” ಅಜ್ಜಿ ಕೈ ಊರದೆ ಎದ್ದು ನಿಲ್ಲುತ್ತಾರೆ! ನಾನೂ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನೇ ಮಾಡಲು ಹೋಗಿ, ಅರ್ಧಕ್ಕೆ ಎದ್ದು ದೊಪ್ಪನೆ ಕುಕ್ಕರಿಸುತ್ತೇನೆ. ಸಣ್ಣಯ್ಯನವರ ನಗು ನಿಲ್ಲುವುದೇ ಇಲ್ಲ. ಅತ್ತ ಸೊಸೆ ಗೋಡೆ ಹಿಡಿದು ತಮ್ಮ ಹಿಮ್ಮಡಿಯನ್ನೂ ಮೆಲ್ಲಗೆ ಎತ್ತಿ ನೋಡುತ್ತಿದ್ದಾರೆ.

ಮುಗಿದ ಮೇಲೆ ಮಲ್ಲಾಜಮ್ಮ ಮಾದೇಶನ ಭುಜ ಹಿಡಿಯುತ್ತಾರೆ. “ಮುಂದಿನ್ ಸೋಮ್ವಾರ ಒಳೆ ಮೆಟ್ಲತ್ರ ಬಾರಪ್ಪ. ಪಕ್ಕದಲ್ಲಿ ನಿಂತ್ಕೊ, ಸಾಕು. ಇಳಿಯೋದು ನಾನೇ ಇಳೀತೀನಿ.”

ಪಾಸು! ಮಾದೇಶ್ ಹೊರಡುವಾಗ ವಾಣಿ ಕಿಟಕಿಯಿಂದ ಅವನ ವಿಶಲ್ ತೆಗೆದುಕೊಡುತ್ತಾರೆ. ಅವನು ಅದನ್ನು ಕೊರಳಿಗೆ ಹಾಕದೆ ಜೇಬಿಗಿಟ್ಟುಕೊಂಡು ಬೈಕು ಹತ್ತುತ್ತಾನೆ. ಮುಡುಕುತೊರೆಯಲ್ಲಿ ಮೊದಲ ಕುರ್ಚಿ ಅವನವ್ವನಿಗಂತೆ.

ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿರುವ ವಾಣಿಯವರನ್ನು ನಿಮಗೇನು ಆಸೆ ಎಂದು ಕೇಳುತ್ತೇನೆ. ಸನ್ಮಾನ, ಸ್ವಂತ ಕಟ್ಟಡ ಏನಾದರೂ ಹೇಳಿಯಾರೆಂದು ನನ್ನ ಎಣಿಕೆ.

“ನಂಗೂ ಮಲ್ಲಾಜಮ್ಮನಷ್ಟು ವಯಸ್ಸಾಗ್ತದಲ್ಲ ಸಾ. ಆಗ ನಾನು ಯಾವ್ ಊರಲ್ಲಿದ್ರೂ ಅಲ್ಲೊಬ್ಬ ಕೋಚ್ ಇರ್ಬೇಕು. ಎದುರಿಗೆ ಕೂತು, ಏನ್ ತಿಂದ್ರಿ ಅಂತ ಕೇಳ್ಬೇಕು. ಇನ್ನೇನ್ ಬೇಕು?” ಎನ್ನುತ್ತಾರೆ. ಕೊನೆಯ ಕುರ್ಚಿ ಪೇರಿಸಿ ನನ್ನತ್ತ ತಿರುಗುತ್ತಾರೆ. “ಅಂದಂಗೆ ಸಾ, ಬೆಳಿಗ್ಗೆ ನೀವು ಉತ್ರಾನೇ ಕೊಡ್ಲಿಲ್ಲ. ಏನ್ ತಿಂದ್ರಿ?”

“ಆಯ್ತು” ಎನ್ನಲು ನನ್ನ ಬಾಯಿ ತೆರೆದೇ ಬಿಟ್ಟಿರುತ್ತದೆ. ಮುಚ್ಚಿಕೊಂಡು, “ಏನೂ ತಿಂದಿಲ್ಲ” ಎನ್ನುತ್ತೇನೆ.

“ಹಂಗೆ ಹೇಳಿ ಮತ್ತೆ!” ಎಂದು ಅವರು ಬಾಗಿಲಿಗೆ ಬೀಗ ಹಾಕಿ, ಇಡ್ಲಿ ಹೋಟೆಲಿನ ಕಡೆ ಮುಂದೆ ಮುಂದೆ ನಡೆಯುತ್ತಾರೆ.